ಶಿವಮೊಗ್ಗ–ಭದ್ರಾವತಿ ಮಾರ್ಗದ ಸರಕು ಎಂಜಿನುಗಳು: ವರ್ಗಾಕ್ಷರ ಮತ್ತು ಬಣ್ಣ

ನಮ್ಮ ನಾಡಿನ ರೈಲುಮಾರ್ಗಗಳ ಇತಿಹಾಸವನ್ನು ಕುರಿತ ಬರೆಹಗಳಲ್ಲಿ ಹೆಚ್ಚಿನವು ಪ್ರಯಾಣಿಕನ ದೃಷ್ಟಿಯಿಂದ ಹುಟ್ಟಿದವು. ಯಾವ ಊರಿಗೆ ಯಾವ ವರ್ಷ ರೈಲು ಬಂದಿತು, ಮಾರ್ಗವನ್ನು ಯಾರು ಉದ್ಘಾಟಿಸಿದರು, ಪ್ರಯಾಣದ ಅವಧಿ ಎಷ್ಟು ಕಡಮೆಯಾಯಿತು ಎಂಬ ಸಂಗತಿಗಳೇ ಅವುಗಳಲ್ಲಿ ಪ್ರಧಾನವಾಗಿರುತ್ತವೆ. ಆದರೆ ಭಾರತೀಯ ರೈಲ್ವೆಯ ವರಮಾನದ ಬಹುಭಾಗ ಇಂದಿಗೂ ಬರುವುದು ಸರಕು ಸಾಗಣೆಯಿಂದ. ಊರೊಂದರ ಆರ್ಥಿಕ ಜೀವನವನ್ನು ತಿಳಿಯಬೇಕಾದರೆ ಅಲ್ಲಿ ಇಳಿದ ಪ್ರಯಾಣಿಕರಿಗಿಂತ ಅಲ್ಲಿಂದ ಹೊರಟ ಸರಕನ್ನು ವಿಚಾರಿಸುವುದು ಹೆಚ್ಚು ಫಲಕಾರಿ. ಪ್ರಕೃತ ಲೇಖನದಲ್ಲಿ ನಾವು ಸರಕನ್ನು ಎಳೆದ ಎಂಜಿನುಗಳನ್ನು, ಅದರಲ್ಲಿಯೂ ಡಬ್ಲ್ಯುಡಿಜಿ ಎಂಬ ಸರಕು ಡೀಸೆಲ್ ವರ್ಗವನ್ನು, ಅದರ ಹೆಸರು ಮತ್ತು ಮೈಬಣ್ಣಗಳ ಮೂಲಕ ಪರಿಶೀಲಿಸಿ, ಶಿವಮೊಗ್ಗ ಮತ್ತು ಭದ್ರಾವತಿಗಳ ನೂರು ವರ್ಷಗಳ ಕಥೆಗೆ ಅದರಿಂದ ಎಷ್ಟರಮಟ್ಟಿಗೆ ಬೆಳಕು ದೊರೆಯುವುದೆಂಬುದನ್ನು ತೋರಿಸಲು ಯತ್ನಿಸಿದ್ದೇವೆ.

ಎಂಜಿನಿನ ಬಣ್ಣ ಇತಿಹಾಸದ ವಿಷಯವಾಗಬಲ್ಲುದೆ ಎಂಬ ಸಂದೇಹ ವಾಚಕರಲ್ಲಿ ಮೂಡುವುದು ಸಹಜ. ಶಿವಮೊಗ್ಗ ಜಿಲ್ಲೆಯ ಶಾಸನಗಳಿಗಾಗಿ ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡು ಸಂಪುಟಗಳನ್ನು, ಏಳನೆಯದನ್ನೂ ಎಂಟನೆಯದನ್ನೂ, ಮೀಸಲಿಡಬೇಕಾಯಿತು. ಶಾಸನವನ್ನು ಓದುವವನು ಅದರ ಒಕ್ಕಣೆಯನ್ನಷ್ಟೇ ನೋಡುವುದಿಲ್ಲ. ಲಿಪಿಯ ರೂಪ, ಅರಸನ ಬಿರುದು, ಕಲ್ಲಿನ ನೆತ್ತಿಯ ಮೇಲಿನ ಲಾಂಛನ ಇವೆಲ್ಲವೂ ಅವನಿಗೆ ಆಧಾರಗಳು. ರೈಲು ಎಂಜಿನಿನ ಮೈಮೇಲೆಯೂ ಇಂಥ ಆಧಾರಗಳುಂಟು. ವರ್ಗದ ಹೆಸರು, ಕ್ರಮಸಂಖ್ಯೆ, ಅದು ಸೇರಿದ ಷೆಡ್ಡಿನ ಹೆಸರು, ವಲಯದ ಸಂಕೇತಾಕ್ಷರಗಳು, ಕಾರ್ಖಾನೆಯಲ್ಲಿ ದುರಸ್ತಿಯಾದ ದಿನಾಂಕ ಇವೆಲ್ಲವನ್ನೂ ಅದರ ಮೈಮೇಲೆ ಬರೆದಿರುತ್ತಾರೆ. ಇವುಗಳೆಲ್ಲಕ್ಕೂ ಹಿನ್ನೆಲೆಯಾಗಿರುವುದು ಬಣ್ಣ.

ವರ್ಗದ ಹೆಸರನ್ನು ಮೊದಲು ನೋಡೋಣ. ಭಾರತೀಯ ರೈಲ್ವೆಯ ಪದ್ಧತಿಯಲ್ಲಿ ಮೊದಲ ಅಕ್ಷರ ಗೇಜನ್ನು ಸೂಚಿಸುತ್ತದೆ: ‘ಡಬ್ಲ್ಯು’ ಎಂದರೆ ಬ್ರಾಡ್ ಗೇಜ್, ‘ವೈ’ ಎಂದರೆ ಮೀಟರ್ ಗೇಜ್. ಎರಡನೆಯ ಅಕ್ಷರವಾದ ‘ಡಿ’ ಡೀಸೆಲನ್ನು ಸೂಚಿಸುತ್ತದೆ. ಮೂರನೆಯದು ಎಂಜಿನಿನ ಕೆಲಸ: ‘ಪಿ’ ಪ್ರಯಾಣಿಕ ಗಾಡಿಗೆ, ‘ಜಿ’ ಸರಕು ಗಾಡಿಗೆ, ‘ಎಂ’ ಎರಡಕ್ಕೂ. ಕೊನೆಯ ಅಂಕಿ ಹಿಂದೆ ಪೀಳಿಗೆಯನ್ನು ಸೂಚಿಸುತ್ತಿದ್ದಿತು. ಈ ಶತಮಾನದ ಆರಂಭದಿಂದ ಅದು ಸಾವಿರಗಳಲ್ಲಿ ಅಶ್ವಶಕ್ತಿಯನ್ನು ಹೇಳುತ್ತದೆ. ಆದುದರಿಂದ ಡಬ್ಲ್ಯುಡಿಜಿ-೪ ಎಂದರೆ ಬ್ರಾಡ್ ಗೇಜಿನ, ಡೀಸೆಲಿನಿಂದ ನಡೆಯುವ, ಸರಕಿಗೆಂದೇ ನಿರ್ಮಿತವಾದ, ೪,೦೦೦ ಅಶ್ವಶಕ್ತಿಯ ಎಂಜಿನು. ನಾಲ್ಕೇ ಸಂಕೇತಗಳಲ್ಲಿ ಇಷ್ಟು ವಿಷಯ ಅಡಗಿದೆ. ಈ ಪೈಕಿ ‘ಜಿ’ ಎಂಬ ಅಕ್ಷರವೇ ನಮ್ಮ ವಿಚಾರದ ಕೇಂದ್ರ.

ಇನ್ನು ಶಿವಮೊಗ್ಗದ ಮಾರ್ಗಕ್ಕೆ ಬರೋಣ. ಬೀರೂರಿನಿಂದ ಶಿವಮೊಗ್ಗದವರೆಗಿನ ಮೀಟರ್ ಗೇಜ್ ಮಾರ್ಗ ೧೮೯೯ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಮಲೆನಾಡಿನ ಮರ, ಅಡಕೆ, ಭತ್ತ ಮತ್ತು ಕುಂಸಿ ಪ್ರದೇಶದ ಮ್ಯಾಂಗನೀಸ್ ಅದಿರುಗಳಿಗೆ ಇದರಿಂದ ಹೊರದಾರಿ ದೊರೆಯಿತು. ಮುಂದೆ ಈ ಮಾರ್ಗವು ಆನಂದಪುರ, ಸಾಗರಗಳನ್ನು ಹಾದು ೧೯೪೦ರಲ್ಲಿ ತಾಳಗುಪ್ಪವನ್ನು ತಲುಪಿತು. ಈ ನಡುವೆ, ಆಗ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಸ್ಥಾಪಿತವಾಗಿ, ೧೯೨೩ರ ಜನವರಿಯಲ್ಲಿ ಅದರ ಊದುಕುಲುಮೆಗೆ ಬೆಂಕಿ ಬಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು ೧೯೨೯ರವರೆಗೆ ಅದನ್ನು ನಡೆಸಿದರು.

ಈ ಕಾರ್ಖಾನೆಯ ವಿಶೇಷವೆಂದರೆ ಅದು ಕಲ್ಲಿದ್ದಲನ್ನಲ್ಲ, ಮರದ ಇದ್ದಿಲನ್ನು ನಂಬಿ ಹುಟ್ಟಿದುದು. ಇದ್ದಿಲಿಗೆ ಬೇಕಾದ ಮರ ಸುತ್ತಣ ಕಾಡುಗಳಿಂದ ಬರುತ್ತಿದ್ದಿತು. ಅದಿರು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ತಂತಿಮಾರ್ಗದಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಎರಡಡಿ ಗೇಜಿನ ಟ್ರಾಂ ಮಾರ್ಗದಲ್ಲಿ ಭದ್ರಾವತಿಗೆ ಬರುತ್ತಿದ್ದಿತು. ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಕಾಡು, ಗಣಿ, ಟ್ರಾಂ ಮಾರ್ಗ, ಕಾರ್ಖಾನೆ, ಬೀರೂರಿನವರೆಗಿನ ರೈಲುಮಾರ್ಗ ಇವೆಲ್ಲದರ ಒಡೆಯ ಒಬ್ಬನೇ, ಮೈಸೂರು ಸರ್ಕಾರ. ಕಾರ್ಖಾನೆಯ ಒಳಬರುವ ಸರಕು ಸಣ್ಣ ಗೇಜಿನ ಮೇಲೆ, ಕೆಲವೇ ಹರದಾರಿಗಳ ಸುತ್ತಳತೆಯಿಂದ ಬರುತ್ತಿದ್ದಿತು. ಮೀಟರ್ ಗೇಜ್ ಮಾರ್ಗಕ್ಕೆ ಉಳಿದ ಮುಖ್ಯ ಕೆಲಸ ಸಿದ್ಧವಾದ ಬೀಡುಕಬ್ಬಿಣವನ್ನು ಹೊರಗೆ ಒಯ್ಯುವುದು. ಆಗಿನ ಎಂಜಿನುಗಳೆಲ್ಲ ಉಗಿಯವು. ಅವುಗಳ ಬಣ್ಣ ಸಾಮಾನ್ಯವಾಗಿ ಕಪ್ಪು. ಕಲ್ಲಿದ್ದಲಿನ ಮಸಿ ಕಾಣಿಸದ ಬಣ್ಣವನ್ನೇ ಆರಿಸುವುದು ಉಗಿಯ ಕಾಲದ ವಿವೇಕವಾಗಿದ್ದಿತು.

ಕಾರ್ಖಾನೆ ಮುಂದೆ ವಿಸ್ತಾರಗೊಂಡಿತು. ೧೯೩೦ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟುಗಳ ತಯಾರಿಕೆ ಸೇರಿಕೊಂಡಿತು. ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಅದೇ ಊರಿನಲ್ಲಿ ಸ್ಥಾಪಿತವಾಯಿತು. ಜೋಗದ ವಿದ್ಯುತ್ತು ದೊರೆತ ಮೇಲೆ, ೧೯೫೦ರ ದಶಕದ ಆರಂಭದಲ್ಲಿ, ಕಬ್ಬಿಣವನ್ನು ಕರಗಿಸಲು ವಿದ್ಯುತ್ ಕುಲುಮೆಗಳು ಬಂದವು. ಹೀಗೆ ಶಿವಮೊಗ್ಗ–ಭದ್ರಾವತಿ ಪ್ರದೇಶದಿಂದ ಕಬ್ಬಿಣ, ಉಕ್ಕು, ಸಿಮೆಂಟು, ಕಾಗದ, ಮರ, ಅಡಕೆಗಳೆಂಬ ಬಗೆಬಗೆಯ ಸರಕುಗಳು ಹೊರಡುವಂತಾಯಿತು. ಬಗೆ ಹಲವು, ಪ್ರತಿಯೊಂದರ ಮೊತ್ತ ಮಾತ್ರ ಮಿತವಾದುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

೧೯೫೧ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಅಂದಿನಿಂದ ಕಾರ್ಖಾನೆಯ ಒಡೆಯ ಬೇರೆ, ರೈಲಿನ ಒಡೆಯ ಬೇರೆ. ಅದೇ ಕಾಲದಲ್ಲಿ ದೇಶದ ಮೀಟರ್ ಗೇಜ್ ಮಾರ್ಗಗಳಿಗೆಲ್ಲ ಒಂದೇ ಮಾದರಿಯ ಉಗಿ ಎಂಜಿನುಗಳು ಬರತೊಡಗಿದ್ದವು: ಪ್ರಯಾಣಿಕ ಗಾಡಿಗೆ ‘ವೈಪಿ’, ಸರಕು ಗಾಡಿಗೆ ‘ವೈಜಿ’. ಎಂದರೆ ಉಗಿಯ ಕಾಲದ ಮೀಟರ್ ಗೇಜಿನಲ್ಲಿ ಸರಕಿಗೆ ತನ್ನದೇ ಆದ ಅಕ್ಷರವಿದ್ದಿತು. ಡೀಸೆಲ್ ಬಂದಾಗ ಆ ಅಕ್ಷರ ಮಾಯವಾಯಿತು. ಅಮೆರಿಕದ ಆಲ್ಕೊ ಸಂಸ್ಥೆಯ ವಿನ್ಯಾಸದಂತೆ ೧೯೬೦ರ ದಶಕದ ಆರಂಭದಲ್ಲಿ ಬಂದು, ಆ ದಶಕದ ಕೊನೆಯಿಂದ ವಾರಾಣಸಿಯ ಡೀಸೆಲ್ ಎಂಜಿನು ಕಾರ್ಖಾನೆಯಲ್ಲಿಯೇ ತಯಾರಾದ ಮೀಟರ್ ಗೇಜ್ ಎಂಜಿನಿನ ಹೆಸರು ವೈಡಿಎಂ-೪. ಅದರ ಅಕ್ಷರ ‘ಎಂ’, ಅದರ ಶಕ್ತಿ ಸುಮಾರು ೧,೪೦೦ ಅಶ್ವಶಕ್ತಿ. ಬೆಳಗ್ಗೆ ಪ್ರಯಾಣಿಕ ಗಾಡಿಯನ್ನು ಎಳೆದು ತಂದ ಎಂಜಿನೇ ಸಂಜೆ ಕಬ್ಬಿಣದ ವ್ಯಾಗನ್ನುಗಳನ್ನು ಕೊಂಡೊಯ್ಯಬಹುದು ಎಂಬುದೇ ‘ಎಂ’ ಅಕ್ಷರದ ಅರ್ಥ. ಬಿಡಿ ವ್ಯಾಗನ್ನುಗಳನ್ನು ಒಂದೊಂದು ನಿಲ್ದಾಣದಲ್ಲಿ ಜೋಡಿಸಿಕೊಂಡು ಜಂಕ್ಷನ್ನಿಗೆ ಒಯ್ಯುತ್ತಿದ್ದ ಅಂದಿನ ಪದ್ಧತಿಗೆ ಇದು ತಕ್ಕ ಎಂಜಿನಾಗಿದ್ದಿತು. ಭದ್ರಾವತಿಯಂಥ ಊರಿಗೆ ಹತ್ತು ವ್ಯಾಗನ್ ಕಬ್ಬಿಣ, ಐದು ವ್ಯಾಗನ್ ಕಾಗದ ಕಳುಹಿಸುವ ಅನುಕೂಲ ಈ ಪದ್ಧತಿಯಿಂದಲೇ ದೊರೆಯುತ್ತಿದ್ದಿತು.

೧೯೮೦ರ ದಶಕದಿಂದ ರೈಲ್ವೆಯ ನೀತಿ ಬದಲಾಯಿತು. ಬಿಡಿ ವ್ಯಾಗನ್ನುಗಳನ್ನು ಯಾರ್ಡುಗಳಲ್ಲಿ ಬೇರ್ಪಡಿಸಿ ಜೋಡಿಸುವುದರಲ್ಲಿ ಕಾಲವೂ ಹಣವೂ ಹೆಚ್ಚಾಗಿ ವ್ಯಯವಾಗುವುದನ್ನು ಕಂಡು, ಒಂದೇ ಸರಕು ತುಂಬಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ನೇರವಾಗಿ ಹೋಗುವ ಇಡೀ ಗಾಡಿಗಳಿಗೆ, ಎಂದರೆ ಪೂರ್ಣ ರೇಕುಗಳಿಗೆ, ರೈಲ್ವೆ ಆದ್ಯತೆಯನ್ನು ಕೊಟ್ಟಿತು. ಕಲ್ಲಿದ್ದಲು, ಅದಿರುಗಳಿಗೆಂದು ‘ಬಾಕ್ಸ್‌ಎನ್’ ಎಂಬ ತೆರೆದ ವ್ಯಾಗನ್ನುಗಳು ಬಂದವು. ಇಂಥ ಒಂದು ವ್ಯಾಗನ್ನು ಸುಮಾರು ೫೮ ಟನ್ ಹೊರುತ್ತದೆ. ಒಂದು ರೇಕಿನಲ್ಲಿ ಅಂಥವು ೫೮ರಷ್ಟಿರುತ್ತವೆ. ಹೀಗೆ ಒಂದು ಗಾಡಿಯ ಸರಕು ೩,೩೦೦ ಟನ್ನನ್ನು ಮೀರುತ್ತದೆ. ಇಷ್ಟು ಭಾರವನ್ನು ನಿಂತಲ್ಲಿಂದ ಕದಲಿಸಲು ಹೊಸ ಬಗೆಯ ಎಂಜಿನು ಬೇಕಾಯಿತು. ‘ಜಿ’ ಅಕ್ಷರ ಡೀಸೆಲಿಗೆ ಬಂದುದು ಈ ಅಗತ್ಯದಿಂದ.

೧೯೯೫ರಲ್ಲಿ ಬಂದ, ಈಗ ಡಬ್ಲ್ಯುಡಿಜಿ-೩ಎ ಎಂದು ಕರೆಯುವ ೩,೧೦೦ ಅಶ್ವಶಕ್ತಿಯ ಎಂಜಿನು ಹಳೆಯ ಆಲ್ಕೊ ವಿನ್ಯಾಸದ ಬೆಳವಣಿಗೆ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯೊಡನೆ ಒಪ್ಪಂದವಾಗಿ, ೧೯೯೯ರಲ್ಲಿ ಡಬ್ಲ್ಯುಡಿಜಿ-೪ ವರ್ಗದ ಮೊದಲ ಎಂಜಿನುಗಳು ಭಾರತಕ್ಕೆ ಬಂದವು. ವಾರಾಣಸಿಯಲ್ಲಿ ತಯಾರಾದ ಈ ವರ್ಗದ ಮೊದಲ ಎಂಜಿನು ಹೊರಬಂದುದು ೨೦೦೨ರಲ್ಲಿ. ಇವುಗಳ ತೂಕ ೧೨೬ ಟನ್, ಆರು ಅಚ್ಚುಗಳ ಪೈಕಿ ಪ್ರತಿಯೊಂದರ ಮೇಲೆ ೨೧ ಟನ್ ಭಾರ. ಹಿಂದಿನ ಡೀಸೆಲ್ ಎಂಜಿನುಗಳ ಚಕ್ರಗಳನ್ನು ನೇರ ವಿದ್ಯುತ್ ಪ್ರವಾಹದ ಮೋಟಾರುಗಳು ತಿರುಗಿಸುತ್ತಿದ್ದವು. ಇವುಗಳಲ್ಲಿರುವುದು ಪರ್ಯಾಯ ಪ್ರವಾಹದ ಮೋಟಾರುಗಳು. ಚಕ್ರ ಹಳಿಯ ಮೇಲೆ ಜಾರತೊಡಗಿದೊಡನೆ ಅದನ್ನು ಗಣಕ ಗುರುತಿಸಿ ತಡೆಯುತ್ತದೆ. ಆದುದರಿಂದ ಏರಿನಲ್ಲಿಯೂ ಮಳೆಯಲ್ಲಿಯೂ ಇವು ಭಾರವನ್ನು ಬಿಡದೆ ಎಳೆಯಬಲ್ಲವು.

ಈ ವರ್ಗದ ಮೊದಲ ಮನೆ ಕರ್ನಾಟಕದ್ದೇ ಆದ ಹುಬ್ಬಳ್ಳಿಯ ಡೀಸೆಲ್ ಷೆಡ್ ಎಂಬುದು ಗಮನಾರ್ಹ. ಕಾರಣವೂ ಸ್ಪಷ್ಟ. ಬಳ್ಳಾರಿ–ಹೊಸಪೇಟೆಗಳ ಅದಿರು ಗೋವೆಯ ಬಂದರಿಗೆ ಇಳಿಯಬೇಕಾಗಿದ್ದಿತು. ಬಂದರಿಗೆ ಬಂದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಏರಬೇಕಾಗಿದ್ದಿತು. ನಡುವೆ ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಘಟ್ಟದಲ್ಲಿ ೩೭ ಅಡಿಗೆ ಒಂದಡಿಯಂತೆ ಏರು. ಇಲ್ಲಿ ‘ಜಿ’ ಅಕ್ಷರಕ್ಕೆ ತಕ್ಕ ಸರಕೂ ಇದ್ದಿತು, ತಕ್ಕ ಏರೂ ಇದ್ದಿತು.

ಈಗ ಬಣ್ಣದ ಮಾತು. ಡಬ್ಲ್ಯುಡಿಜಿ-೪ ಎಂಜಿನಿನ ಪರಿಚಿತ ರೂಪವೆಂದರೆ ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಉದ್ದಕ್ಕೂ ಹರಿದ ಕೆನೆಬಣ್ಣದ ಪಟ್ಟಿ. ಇದರ ಸೋದರ ವರ್ಗವಾದ, ಪ್ರಯಾಣಿಕ ಗಾಡಿಗಳಿಗಾಗಿ ಮಾಡಿದ ಡಬ್ಲ್ಯುಡಿಪಿ-೪ ಸಾಮಾನ್ಯವಾಗಿ ನೀಲಿ ಮತ್ತು ಕೆನೆಬಣ್ಣಗಳಲ್ಲಿ ಕಾಣಿಸಿಕೊಂಡಿತು. ಹಳೆಯ ಆಲ್ಕೊ ಮಾದರಿಯ ಎಂಜಿನುಗಳಲ್ಲಿ ಷೆಡ್ಡು ಷೆಡ್ಡಿಗೆ ಬಣ್ಣ ಬೇರೆಯಾಗಿರುತ್ತಿದ್ದುದರಿಂದ, ದೂರದಿಂದಲೇ ಎಂಜಿನಿನ ಊರನ್ನು ಹೇಳಬಲ್ಲ ನೌಕರರು ನಿಲ್ದಾಣಗಳಲ್ಲಿ ಇರುತ್ತಿದ್ದರು. ಮೈಮೇಲಿನ ‘ಯುಬಿಎಲ್’ ಎಂಬ ಅಕ್ಷರಗಳು ಹುಬ್ಬಳ್ಳಿಯನ್ನು, ‘ಕೆಜೆಎಂ’ ಎಂಬುವು ಬೆಂಗಳೂರಿನ ಕೃಷ್ಣರಾಜಪುರವನ್ನು ಸೂಚಿಸುತ್ತವೆ.

ಇಂಗ್ಲೆಂಡಿನ ಒಂದು ಉದಾಹರಣೆಯೊಡನೆ ಇದನ್ನು ಹೋಲಿಸಬಹುದು. ಇದೇ ಜನರಲ್ ಮೋಟಾರ್ಸ್ ಸಂಸ್ಥೆ, ಇದೇ ಯಂತ್ರಕುಲದ ಹನ್ನೆರಡು ಸಿಲಿಂಡರಿನ ಎಂಜಿನನ್ನು ಅಳವಡಿಸಿ, ೧೯೯೮ರಿಂದ ಬ್ರಿಟನ್ನಿಗೆ ‘ಕ್ಲಾಸ್ ೬೬’ ಎಂಬ ಸರಕು ಎಂಜಿನುಗಳನ್ನು ಒದಗಿಸಿತು. ಅಲ್ಲಿ ರೈಲುಗಳು ಖಾಸಗಿ ಕಂಪನಿಗಳ ಕೈಸೇರಿದ್ದ ಕಾಲವದು. ಇಡಬ್ಲ್ಯುಎಸ್ ಕಂಪನಿ ತನ್ನ ಎಂಜಿನುಗಳಿಗೆ ಕಡುಗೆಂಪು ಮೈಯನ್ನೂ ಚಿನ್ನದ ಬಣ್ಣದ ಪಟ್ಟಿಯನ್ನೂ ಕೊಟ್ಟಿತು. ಫ್ರೈಟ್‌ಲೈನರ್ ಕಂಪನಿ ಹಸಿರು ಹಳದಿಗಳನ್ನು ಆರಿಸಿತು. ಅಲ್ಲಿ ಬಣ್ಣ ಹೇಳುವುದು ಕಂಪನಿಯನ್ನು. ಎಂಜಿನುಗಳೆಲ್ಲದರ ಒಡೆಯ ಒಬ್ಬನೇ ಆಗಿರುವ ನಮ್ಮಲ್ಲಿ ಅದು ಹೇಳುವುದು ಕೆಲಸವನ್ನು ಮತ್ತು ಷೆಡ್ಡನ್ನು. ಒಂದೇ ಸಂಸ್ಥೆಯ ಎಂಜಿನುಗಳು ಎರಡು ದೇಶಗಳ ಆಡಳಿತವನ್ನು ಎರಡು ಬಗೆಯಾಗಿ ತಮ್ಮ ಮೈಮೇಲೆ ಧರಿಸಿವೆ.

ಬಣ್ಣವನ್ನು ಆಧಾರವಾಗಿ ಬಳಸುವಾಗ ಒಂದು ಎಚ್ಚರಿಕೆ ಅವಶ್ಯಕ. ಇಡಬ್ಲ್ಯುಎಸ್ ಕಂಪನಿಯನ್ನು ೨೦೦೭ರಲ್ಲಿ ಜರ್ಮನಿಯ ಡಾಯ್ಚ ಬಾನ್ ಕೊಂಡುಕೊಂಡ ಮೇಲೆಯೂ ಹಲವು ಎಂಜಿನುಗಳು ವರ್ಷಗಟ್ಟಲೆ ಹಳೆಯ ಕಡುಗೆಂಪಿನಲ್ಲಿಯೇ ಓಡಾಡಿದವು. ನಮ್ಮಲ್ಲಿಯೂ ಹುಬ್ಬಳ್ಳಿ ವಿಭಾಗ ೨೦೦೩ರ ಏಪ್ರಿಲಿನಲ್ಲಿ ದಕ್ಷಿಣ ಮಧ್ಯ ರೈಲ್ವೆಯಿಂದ ಹೊಸದಾಗಿ ರಚಿತವಾದ ನೈಋತ್ಯ ರೈಲ್ವೆಗೆ ಸೇರಿತು. ಆಡಳಿತದ ಆಜ್ಞೆ ಒಂದೇ ದಿನ ಹೊರಡುತ್ತದೆ. ಎಂಜಿನಿಗೆ ಹೊಸ ಬಣ್ಣ ಬೀಳುವುದು ಅದು ದುರಸ್ತಿಗೆ ಹೋದಾಗ. ಆದುದರಿಂದ ಬಣ್ಣವು ಎಂಜಿನಿನ ಇಂದಿನ ಸ್ಥಿತಿಯನ್ನಲ್ಲ, ಅದು ಕೊನೆಯ ಬಾರಿ ಕಾರ್ಖಾನೆಗೆ ಹೋದಾಗಿನ ಸ್ಥಿತಿಯನ್ನು ಹೇಳುತ್ತದೆ. ಕ್ರಮಸಂಖ್ಯೆಯನ್ನು ಪ್ರಧಾನ ಆಧಾರವೆಂದೂ ಬಣ್ಣವನ್ನು ಪೋಷಕ ಆಧಾರವೆಂದೂ ಭಾವಿಸುವುದು ಕ್ರಮ.

ಇಷ್ಟನ್ನು ತಿಳಿದ ಮೇಲೆ ಶಿವಮೊಗ್ಗಕ್ಕೆ ಹಿಂತಿರುಗೋಣ. ಬೀರೂರು–ಶಿವಮೊಗ್ಗ ಮಾರ್ಗ ೧೯೯೦ರ ದಶಕದಲ್ಲಿ ಬ್ರಾಡ್ ಗೇಜಾಯಿತು. ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಭಾಗ ೨೦೧೧ರ ಹೊತ್ತಿಗೆ ಪರಿವರ್ತನೆಯಾಯಿತು. ಈ ಪರಿವರ್ತನೆಯಿಂದ ಭದ್ರಾವತಿ ದೇಶದ ಮಾರುಕಟ್ಟೆಯೊಡನೆ ನೇರವಾಗಿ ಬೆಸೆದುಕೊಂಡು ಅದರ ಕೈಗಾರಿಕೆಗಳಿಗೆ ಹೊಸ ಬಲ ಬರುವುದೆಂಬ ನಿರೀಕ್ಷೆ ಸಹಜವಾಗಿದ್ದಿತು. ವಿಶಾಲ ಹಳಿಯಿಂದ ಸರಕು ಬೆಳೆಯುವುದೆಂಬ ಅಭಿಪ್ರಾಯ ಇಂದಿಗೂ ಸಾಮಾನ್ಯವಾಗಿದೆ. ನಮಗೆ ತೋರುವಂತೆ, ಈ ಪ್ರದೇಶದ ಮಟ್ಟಿಗೆ ಈ ಅಭಿಪ್ರಾಯವನ್ನು ತಿದ್ದಬೇಕಾಗಿದೆ.

ಬ್ರಾಡ್ ಗೇಜಿನೊಡನೆ ಬಂದುದು ಹಳಿಯ ಅಗಲವಷ್ಟೇ ಅಲ್ಲ, ಪೂರ್ಣ ರೇಕಿನ ನಿಯಮವೂ ಹೌದು. ಒಂದು ಸುಲಭವಾದ ಲೆಕ್ಕದಿಂದ ಇದನ್ನು ಅರಿಯಬಹುದು. ಕಾರ್ಖಾನೆಯ ಮೊದಲ ಊದುಕುಲುಮೆ ದಿನಕ್ಕೆ ಅರುವತ್ತರಿಂದ ಎಂಬತ್ತು ಟನ್ ಪ್ರಮಾಣದ್ದು. ಆ ಕುಲುಮೆಯ ಕಬ್ಬಿಣದಿಂದ ಇಂದಿನ ಒಂದು ರೇಕನ್ನು ತುಂಬಬೇಕಾದರೆ ಆರರಿಂದ ಎಂಟು ವಾರ ಕಾಯಬೇಕು. ಕಾರ್ಖಾನೆ ಅನಂತರ ಬೆಳೆಯಿತೆಂಬುದು ನಿಜ. ಆದರೆ ಅದು ಬೆಳೆದ ದಿಕ್ಕು ಮಿಶ್ರಲೋಹದ ಉಕ್ಕು, ವಿಶೇಷ ಉಕ್ಕುಗಳ ಕಡೆಗೆ. ಇವು ಬೆಲೆಯಲ್ಲಿ ಹೆಚ್ಚು, ತೂಕದಲ್ಲಿ ಕಡಮೆ, ಗಿರಾಕಿಗಳು ಹತ್ತು ಊರುಗಳಲ್ಲಿ ಹರಡಿದವರು. ಇಂಥ ಸರಕಿಗೆ ಬೇಕಾದುದು ಬಿಡಿ ವ್ಯಾಗನ್ನುಗಳನ್ನು ಹೊತ್ತು ನಡೆಯುವ ‘ಎಂ’ ಎಂಜಿನಿನ ಪದ್ಧತಿಯೇ ಹೊರತು ೩,೦೦೦ ಟನ್ನಿಗೂ ಮಿಕ್ಕ ಭಾರವನ್ನು ಒಂದೇ ಊರಿಗೆ ಒಯ್ಯುವ ‘ಜಿ’ ಎಂಜಿನಿನ ಪದ್ಧತಿಯಲ್ಲ. ಕಾಗದಕ್ಕೂ ಅಡಕೆಗೂ ಇದೇ ಮಾತು ಅನ್ವಯಿಸುತ್ತದೆ. ಇಂಥ ಸರಕಿಗೆ ಅನುಕೂಲವಾಗಿ ಒದಗಿದುದು ಲಾರಿ.

ಮತ್ತೊಂದು ಕಡೆ ಕಾರ್ಖಾನೆಯ ಒಳಬರುವ ಸರಕಿನ ಸ್ಥಿತಿಯೂ ಬದಲಾಗಿದ್ದಿತು. ಇದ್ದಿಲಿನ ಕಾಲ ಮುಗಿದಿದ್ದಿತು. ಕೆಮ್ಮಣ್ಣುಗುಂಡಿಯ ಗಣಿಯೂ ಕಾಲಕ್ರಮದಲ್ಲಿ ನಿಂತಿತು. ಹತ್ತಿರದ ಬೆಟ್ಟದಿಂದ ಸ್ವಂತ ಹಾದಿಯಲ್ಲಿ ಇಳಿಯುತ್ತಿದ್ದ ಕಚ್ಚಾವಸ್ತುವನ್ನು ದೂರದಿಂದ ಬೆಲೆ ಕೊಟ್ಟು, ಬಾಡಿಗೆ ತೆತ್ತು ತರಿಸಬೇಕಾಯಿತು. ಅದಿರನ್ನೂ ಕಲ್ಲಿದ್ದಲನ್ನೂ ರೇಕುಗಟ್ಟಲೆ ತರಿಸಿಕೊಳ್ಳುವ ತೋರಣಗಲ್ಲಿಗೆ ‘ಜಿ’ ಎಂಜಿನು ವರವಾಯಿತು. ಸಣ್ಣ ಕುಲುಮೆಯ ಭದ್ರಾವತಿಗೆ ಅದೇ ಎಂಜಿನು ತನ್ನ ಅಳತೆಯನ್ನು ಮೀರಿದ ಅತಿಥಿಯಾಯಿತು. ಇಲ್ಲಿ ಅತಿಥಿಯೆಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಮುಖ್ಯಮಾರ್ಗದ ಡೀಸೆಲ್ ಷೆಡ್ ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಸ್ಥಾಪಿತವಾಗಲಿಲ್ಲ. ಟ್ರಾಂ ಮಾರ್ಗದ ಕಾಲದಲ್ಲಿ ತನ್ನ ಎಂಜಿನುಗಳಿಗೆ ತಾನೇ ಬಣ್ಣ ಬಳಿದುಕೊಳ್ಳಬಲ್ಲ ಊರಾಗಿದ್ದ ಭದ್ರಾವತಿ, ಡೀಸೆಲಿನ ಕಾಲದಲ್ಲಿ ಬೇರೆ ಊರುಗಳ ಬಣ್ಣಗಳು ಬಂದುಹೋಗುವ ಊರಾಯಿತು.

ಉಳಿದ ಘಟನೆಗಳ ಕ್ರಮ ಎಲ್ಲರಿಗೂ ಪರಿಚಿತವಾದುದೇ. ೧೯೬೨ರಲ್ಲಿ ಕಂಪನಿಯ ರೂಪವನ್ನು ತಾಳಿದ ಕಾರ್ಖಾನೆ ೧೯೭೦ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದು, ೧೯೮೯ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, ೧೯೯೮ರಲ್ಲಿ ಅದರಲ್ಲಿ ವಿಲೀನವಾಯಿತು. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ೨೦೧೫ರ ಸುಮಾರಿಗೆ ನಿಂತಿತು. ಉಕ್ಕಿನ ಕಾರ್ಖಾನೆಯ ಷೇರು ವಿಕ್ರಯಕ್ಕೆ ೨೦೧೬ರಲ್ಲಿ ಕೇಂದ್ರ ಸರ್ಕಾರ ತಾತ್ವಿಕ ಸಮ್ಮತಿಯನ್ನು ಕೊಟ್ಟಿತು. ಆ ಯತ್ನ ಫಲಿಸಲಿಲ್ಲ. ಕುಲುಮೆಗೆ ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷಗಳಾದ ೨೦೨೩ರ ಜನವರಿಯಲ್ಲಿಯೇ ಪ್ರಾಧಿಕಾರದ ಆಡಳಿತ ಮಂಡಳಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಕೈಗೊಂಡಿತು. ಕಾರ್ಮಿಕರೂ ಊರಿನವರೂ ಅದನ್ನು ಪ್ರತಿಭಟಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ರೋಲಿಂಗ್ ಮಿಲ್ ಮತ್ತೆ ಚಾಲನೆಗೊಂಡಿತು. ಆದರೆ ಹೊರಗಿನಿಂದ ತಂದ ಉಕ್ಕಿನ ದಿಮ್ಮಿಗಳನ್ನು ನಂಬಿ. ತನ್ನ ಕಬ್ಬಿಣವನ್ನು ಹೊರಗೆ ಕಳುಹಿಸಲು ರೈಲನ್ನು ಬಳಸಿದ ಊರು, ಅನ್ಯರ ಉಕ್ಕು ಬಂದರೆ ಮಾತ್ರ ಕೆಲಸ ನಡೆಯುವ ಊರಾಗಿದೆ.

ಈ ಎಲ್ಲಕ್ಕೂ ಎಂಜಿನೇ ಕಾರಣವೆಂದು ನಾವು ಹೇಳುತ್ತಿಲ್ಲ. ಬಂಡವಾಳ ಹೂಡದಿರುವಿಕೆ, ಗಣಿಯ ಅಭಾವ, ದೊಡ್ಡ ಕಾರ್ಖಾನೆಗಳ ಸ್ಪರ್ಧೆ ಇವುಗಳ ಪಾತ್ರ ಹಿರಿದು. ನಾವು ಹೇಳುವುದು ಇಷ್ಟೇ: ಈ ಬದಲಾವಣೆಯನ್ನು ಎಂಜಿನಿನ ಹೆಸರಿ‌ನಲ್ಲಿಯೇ ಓದಬಹುದು. ‘ವೈಜಿ’, ‘ವೈಡಿಎಂ’, ‘ಡಬ್ಲ್ಯುಡಿಜಿ’ ಎಂಬ ಮೂರು ಹೆಸರುಗಳನ್ನು ಸಾಲಾಗಿ ಇಟ್ಟರೆ, ಸರಕಿನ ಅಕ್ಷರ ಮೊದಲು ಇದ್ದು, ನಡುವೆ ಮರೆಯಾಗಿ, ಕೊನೆಗೆ ಮತ್ತೆ ಬಂದುದು ಕಾಣುತ್ತದೆ. ಅದು ಮತ್ತೆ ಬಂದಾಗ ಅದರ ಅರ್ಥ ಬೇರೆಯಾಗಿದ್ದಿತು. ಸರಕಿಗೆಂದೇ ನಿರ್ಮಿತವಾದ ಎಂಜಿನು ಈ ಹಳಿಯ ಮೇಲೆ ಬರಬಹುದಾದ ಹೊತ್ತಿಗೆ, ಅದಕ್ಕೆ ತಕ್ಕ ಸರಕು ಈ ಊರಿನಲ್ಲಿ ಉಳಿದಿರಲಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಮೀಟರ್ ಗೇಜಿನ ವೈಡಿಎಂ-೪ ಎಂಜಿನುಗಳಲ್ಲಿ ಕೆಲವು ಮ್ಯಾನ್ಮಾರ್ ಮತ್ತು ಆಫ್ರಿಕದ ದೇಶಗಳಿಗೆ ಹೋದವು, ಬಹುಪಾಲು ಗುಜರಿಯಾದವು. ಈಗ ಈ ಮಾರ್ಗದ ಮೇಲೂ ವಿದ್ಯುತ್ ತಂತಿ ಹಬ್ಬಿದೆ; ಡೀಸೆಲ್ ಎಂಜಿನುಗಳ ಸರದಿಯೂ ಮುಗಿಯುತ್ತ ಬಂದಿದೆ. ಲೋಹದ ಮೇಲೆ ಬರೆದ ಬಣ್ಣಕ್ಕೆ ಕಲ್ಲಿನ ಮೇಲೆ ಕೊರೆದ ಅಕ್ಷರದ ಆಯುಸ್ಸಿಲ್ಲ. ನಿಲ್ದಾಣಗಳಲ್ಲಿ ದುಡಿದು ನಿವೃತ್ತರಾದ ಮಾಸ್ತರರು, ಚಾಲಕರು, ಷಂಟಿಂಗ್ ಕೆಲಸದವರು, ಕಾರ್ಖಾನೆಯಲ್ಲಿ ಸರಕು ತುಂಬಿಸಿದವರು ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರುಗಳಲ್ಲಿ ಇದ್ದಾರೆ. ಅವರ ಮನೆಗಳಲ್ಲಿರುವ ಛಾಯಾಚಿತ್ರಗಳಲ್ಲಿ ಎಂಜಿನಿನ ಸಂಖ್ಯೆ, ಬಣ್ಣ, ಹಿಂದಿರುವ ವ್ಯಾಗನ್ನುಗಳ ಬಗೆ ಇವನ್ನು ಗುರುತಿಸಿ, ದಿನಾಂಕದೊಡನೆ ಪಟ್ಟಿಮಾಡುವುದು ಒಂದು ಕಾಲೇಜಿನ ಇತಿಹಾಸ ಸಂಘ ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕಾರ್ಯ. ಯಾವ ಸರಕು, ಯಾವ ವರ್ಷ, ಎಷ್ಟು ವ್ಯಾಗನ್ನುಗಳಲ್ಲಿ ಹೊರಟಿತೆಂಬುದನ್ನು ಹೀಗೆ ಕೂಡಿಸುತ್ತ ಹೋದರೆ, ಭದ್ರಾವತಿಯ ಸರಕು ಹಳಿಯಿಂದ ರಸ್ತೆಗೆ ಇಳಿದ ಬಗೆ ಊಹೆಯಿಂದಲ್ಲ, ಸಾಕ್ಷ್ಯದಿಂದ ನಿರ್ಣಯವಾಗುವುದು.